ಕೊಂಬಿದ್ದ ಅಕ್ಷರ

“ಇನ್ನೊಂದು ಹಸಿರು,” ಎಂದಳು ಶ್ರೀರಂಜನಿ.

ನನಗೆ ಆ ಬಣ್ಣದ ಮೇಲೆಯೇ ಸಿಟ್ಟು ಬರತೊಡಗಿತ್ತು. ಬೆಳಿಗ್ಗೆಯಿಂದ ಅವಳ ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಹಸಿರು ಬಿಟ್ಟರೆ ಬೇರೆ ಬಣ್ಣ ಕಂಡಿರಲಿಲ್ಲ. ಹಸಿರು ಅಂದರೆ ಸಾಫ್ಟ್‌ವೇರ್ ಸರಿಯಾಗಿದೆ. ಸಾಫ್ಟ್‌ವೇರ್ ಸರಿಯಾಗಿದ್ದರೆ ನನ್ನ ಕಕ್ಷಿದಾರಳು ಸುಳ್ಳು ಹೇಳುತ್ತಿದ್ದಾಳೆ.

ಆ ಕಕ್ಷಿದಾರಳು ಮೂಲೆಯ ಕುರ್ಚಿಯಲ್ಲಿ ಸೆರಗಿನ ತುದಿ ಹಿಡಿದು ಕೂತಿದ್ದಳು. ಹೆಸರು ಚಂದ್ರಾ. ತಿರುಪ್ಪೂರಿನ ಈ ಬನಿಯನ್ ಕಂಪನಿಯ ಲ್ಯಾಬಿನಲ್ಲಿ ಬಣ್ಣ ಹಾಕಿದ ಬಟ್ಟೆಯನ್ನು ಪರೀಕ್ಷಿಸುವವಳು. ಇಲ್ಲಿಂದ ಹೋದ ಹಸುಗೂಸುಗಳ ಅಂಗಿಗಳಲ್ಲಿ ಒಂದು ಲಾಟ್, ಅಂದರೆ ಒಂದೇ ಸಲ ಬಣ್ಣಕ್ಕೆ ಅದ್ದಿದ ಬಟ್ಟೆ, ಹೊರದೇಶದಲ್ಲಿ ಮಕ್ಕಳ ಮೈಮೇಲೆ ಬೊಬ್ಬೆ ಎಬ್ಬಿಸಿತ್ತು. ‘ಆ ಲಾಟನ್ನು ನಾನು ತಡೆದಿದ್ದೆ, ಕಂಪ್ಯೂಟರಿನಲ್ಲಿ ನಿಲ್ಲಿಸಿ ಎಂದು ಹಾಕಿದ್ದೆ’ ಅನ್ನುವುದು ಚಂದ್ರಾಳ ಮಾತು. ಹಾಕಿಲ್ಲ ಅನ್ನುವುದು ಕಂಪ್ಯೂಟರಿನ ಮಾತು.

ಈ ಸಂಜೆ ಮಾಲೀಕರು ತೀರ್ಮಾನ ಹೇಳುವವರಿದ್ದರು. ಕೆಲಸ ಹೋಗುವುದು ಒಂದು ಕಡೆ ಇರಲಿ, ತಿರುಪ್ಪೂರಿನಲ್ಲಿ ಇಂಥ ಸುದ್ದಿಗೆ ಕಾಲು ಬೇಕಾಗಿಲ್ಲ. ‘ಮಕ್ಕಳ ಮೈ ಸುಟ್ಟವಳು’ ಎಂಬ ಹೆಸರು ಒಮ್ಮೆ ಅಂಟಿದರೆ ಯಾವ ಲ್ಯಾಬೂ ಅವಳಿಗೆ ಬಾಗಿಲು ತೆರೆಯುವುದಿಲ್ಲ.

“ಅಣ್ಣಾ, ನಾನ್ ನಿಲ್ಸಿದ್ದೆ. ಸತ್ತಿಯಮಾ ನಿಲ್ಸಿದ್ದೆ,” ಎಂದಳು ಚಂದ್ರಾ. ಬೆಳಿಗ್ಗೆಯಿಂದ ಅದೊಂದೇ ಮಾತು. ಅವಳ ಮನೆಮಾತು ತಮಿಳು ಬೆರೆತ ಕನ್ನಡ.

“ಗೊತ್ತಮ್ಮ,” ಎಂದೆ. ವಕೀಲನಾದವನು ಹಾಗೆ ಹೇಳಲೇಬೇಕು. ಆದರೆ ಈ ಸಲ ನಂಬಿಯೇ ಹೇಳಿದೆ.

ನನ್ನ ಬಗ್ಗೆ ಎರಡು ಮಾತು, ಹೊಸದಾಗಿ ಓದುತ್ತಿರುವವರಿಗೆ. ನಾನು ನಾಗರಾಜ. ಕೊಯಮತ್ತೂರಿನ ಗಾಂಧಿಪುರಂನಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಮನೆಮಾತು ಕನ್ನಡ, ಹೊಟ್ಟೆಪಾಡು ತಮಿಳು. ನನ್ನ ತಮಿಳು ಬೋರ್ಡಿನಲ್ಲಿ ‘ಗ’ ಇಲ್ಲ, ಏಕೆಂದರೆ ಆ ಲಿಪಿಯಲ್ಲಿ ಗಕಾರಕ್ಕೂ ಕಕಾರಕ್ಕೂ ಒಂದೇ ಅಕ್ಷರ. ಬಂದವರು ನನ್ನನ್ನು ‘ನಾಕರಾಜ’ ಎಂದು ಕರೆದರೂ ನಾನು ತಿರುಗಿ ನೋಡುತ್ತೇನೆ. ಕಕ್ಷಿದಾರರು ಬಂದರೆ ಸಾಕು, ಹೆಸರು ಹೇಗಾದರೂ ಇರಲಿ.

ಶ್ರೀರಂಜನಿ ನನ್ನ ಅಕ್ಕನ ಮಗಳು. ಕೊಯಮತ್ತೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಕೆಲಸ. ಚಿಕ್ಕಂದಿನಿಂದ ಮನೆಯಲ್ಲಿ ಪುಕ್ಕಟೆಯಾಗಿ ಮಾಡಿಕೊಂಡು ಬಂದದ್ದೇ ಅದು.

ಇವತ್ತಿನ ಅವಳ ಎದುರಾಳಿ ‘ಸಲ್ಲಡೈ’. ಅಂದರೆ ಜರಡಿ. ಕಂಪನಿಯ ಕಂಪ್ಯೂಟರ್ ಮೇಲ್ವಿಚಾರಕ ಪ್ರೇಮ್ ಕುಮಾರ್ ತಾನೇ ಬರೆದ ಹುಡುಕಾಟದ ಸಾಧನ. ಅದಕ್ಕೆ ಗುಂಡಿಯಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ, ಕಾರ್ಖಾನೆಯ ಎಲ್ಲ ಯಂತ್ರಗಳೂ ಹಗಲಿರುಳು ಗೀಚಿಟ್ಟ ರಾಶಿಯಲ್ಲಿ ಬೇಕಾದ ಸಾಲನ್ನು ಸೋಸಿ ಕೊಡುತ್ತದೆ.

ಬೇಕಾದ ಸಾಲು ಯಾವುದೆಂದು ಅದಕ್ಕೆ ಹೇಳುವ ರೀತಿ ಮಾತ್ರ ವಿಚಿತ್ರ. ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂದಳು ಶ್ರೀರಂಜನಿ. ಕಾರಿನಲ್ಲಿ ಬರುವಾಗ ಅವಳು ವಿವರಿಸಿದಾಗ ನನಗೆ ಹೊಳೆದದ್ದು ಹೆಣ್ಣು ಹುಡುಕುವ ಬ್ರೋಕರ್. ಅವನಿಗೆ ನಾವು ಹುಡುಗಿಯ ಹೆಸರು ಹೇಳುವುದಿಲ್ಲ, ಲಕ್ಷಣ ಹೇಳುತ್ತೇವೆ. ಇದಕ್ಕೂ ಅಷ್ಟೇ. ಮೊದಲು ಯಾವುದಾದರೂ ಒಂದು ಅಕ್ಷರ, ಆಮೇಲೆ ಚುಕ್ಕೆ, ಆಮೇಲೆ ಹೆಸರು, ಆಮೇಲೆ ಲಾಟ್ ನಂಬರು. ಆ ಲಕ್ಷಣಕ್ಕೆ ಹೊಂದುವ ಸಾಲುಗಳು ಒಳಗೆ. ಹೊಂದದವು ಕಸ.

“ಈ ಸಲ್ಲಡೈಗೆ ಒಂದೇ ಒಂದು ಟೆಸ್ಟೂ ಇಲ್ವಲ್ಲ,” ಎಂದು ಬೆಳಿಗ್ಗೆ ಶ್ರೀರಂಜನಿ ಪ್ರೇಮ್ ಕುಮಾರನನ್ನು ಕೇಳಿದ್ದಳು.

“ಓಡ್ತಾ ಇದೆಯಲ್ಲ ಮೇಡಂ,” ಎಂದಿದ್ದ ಅವನು.

ಆಗಿನಿಂದ ಅವಳು ಟೆಸ್ಟ್ ಬರೆಯುತ್ತಿದ್ದಾಳೆ. ನಕಲಿ ಸಾಲುಗಳನ್ನು ತಾನೇ ಸೃಷ್ಟಿಸಿ ಸಲ್ಲಡೈಯ ಮುಂದೆ ಸುರಿಯುವುದು, ಸಿಗಬೇಕಾದದ್ದು ಸಿಕ್ಕಿತೇ, ಸಿಗಬಾರದ್ದು ಬಿಟ್ಟುಹೋಯಿತೇ ಎಂದು ಯಂತ್ರದ ಕೈಯಲ್ಲೇ ನೋಡಿಸುವುದು. ಲಾಟ್ ನಂಬರಿನಿಂದ ಹುಡುಕಾಟ, ಹಸಿರು. ತಾರೀಖಿನಿಂದ, ಹಸಿರು. ದೊಡ್ಡಕ್ಷರ, ಸಣ್ಣಕ್ಷರ, ಖಾಲಿ ಸಾಲು, ಎಲ್ಲ ಹಸಿರು.

“ಮಾವಾ, ಮುಖ ಹಂಗ್ ಮಾಡ್ಕೋಬೇಡಿ. ಎಲ್ಲಿ ತಪ್ಪಿಲ್ಲ ಅಂತ ಗೊತ್ತಾಗೋದೂ ಕೆಲಸಾನೇ.”

“ಸಂಜೆ ತೀರ್ಪು ಹೇಳೋವಾಗ ಅದನ್ನೇ ಹೇಳ್ಲಾ?”

ಅವಳು ಮುಂದಿನ ಟೆಸ್ಟಿಗೆ ಹೋದಳು. ಬಾಗಿಲು ತೆರೆದು ಇಲಕ್ಕಿಯಾ ಟೀ ತಂದಳು.

ಇಲಕ್ಕಿಯಾ ಮಾಲೀಕರ ಒಬ್ಬಳೇ ಮಗಳು. ಓದು ಮುಗಿಸಿ ಬಂದು ಈಗಷ್ಟೇ ಸರಕು ಸಾಗಣೆಯ ವಿಭಾಗ ನೋಡಿಕೊಳ್ಳುತ್ತಿದ್ದಾಳೆ. ನಮ್ಮನ್ನು ಈ ಕೇಸಿಗೆ ಎಳೆದವಳೇ ಇವಳು. ಹೋದ ವಾರ ಗಾಂಧಿಪುರಂನ ನನ್ನ ಆಫೀಸಿಗೆ ಬಂದು, “ಚಂದ್ರಾ ಅಕ್ಕ ಸುಳ್ಳು ಹೇಳೋವ್ರಲ್ಲ ಸಾರ್, ಹೇಗಾದ್ರೂ ಕಾಪಾಡಿ” ಎಂದು ಅತ್ತಿದ್ದಳು. ಇವಳ ತಾಯಿ ತೀರಿಕೊಂಡಾಗ ಇವಳಿನ್ನೂ ಶಾಲೆಯ ಹುಡುಗಿ. ಸ್ಕೂಲು ಬಿಟ್ಟ ಮೇಲೆ ಲ್ಯಾಬಿನಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳಂತೆ. ಜಡೆ ಹಾಕುತ್ತಿದ್ದವಳು ಚಂದ್ರಾ.

“ಕುಡೀರಿ ಅಕ್ಕಾ. ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ನೀವು,” ಎಂದಳು ಇಲಕ್ಕಿಯಾ ತಮಿಳಿನಲ್ಲಿ.

“ಆಗ್ಲಿ ಪಾಪಾ,” ಎಂದು ಚಂದ್ರಾ ಲೋಟ ತೆಗೆದುಕೊಂಡಳು. ಲೋಟ ವಾಲಿ ಟೀ ಸೀರೆಯ ಮೇಲೆ ಚೆಲ್ಲಿತು. ಇಲಕ್ಕಿಯಾ ತನ್ನ ದುಪಟ್ಟಾದಿಂದಲೇ ಒರೆಸಿದಳು. ಸಂಬಂಧ ಅನ್ನುವುದು ರಕ್ತದಲ್ಲೇ ಇರಬೇಕೆಂದು ಯಾರು ಹೇಳಿದರೋ.

ಅವಳು ಹೋದ ಮೇಲೆ ನನ್ನ ತಾಳ್ಮೆ ಮುಗಿಯಿತು. ಪ್ರೇಮ್ ಕುಮಾರನ ಕಡೆ ತಿರುಗಿದೆ. ಮೂವತ್ತರ ಆಸುಪಾಸಿನ ತೆಳ್ಳಗಿನ ಯುವಕ, ಹಣೆಯಲ್ಲಿ ವಿಭೂತಿ, ಕಣ್ಣ ಕೆಳಗೆ ಕಪ್ಪು.

“ತಂಬಿ, ನೇರವಾಗಿ ಕೇಳ್ತೀನಿ. ಆ ಸಾಲನ್ನ ಅಳಿಸಿಬಿಟ್ರಾ?”

“ಸಾರ್!”

“ರಾಶಿಯ ಬೀಗದ ಕೈ ಇರೋದು ನಿಮ್ಮೊಬ್ಬರ ಹತ್ರ. ಸಲ್ಲಡೈ ನಿಮ್ದು. ಅದರಲ್ಲಿ ತಪ್ಪಿಲ್ಲ ಅಂತ ಬೆಳಿಗ್ಗೆಯಿಂದ ಈ ಹುಡುಗಿ ಹಸಿರು ತೋರಿಸ್ತಾ ಇದಾಳೆ. ಹಂಗಾದ್ರೆ ಸಾಲು ಎಲ್ಲಿ ಹೋಯ್ತು? ಯಾರು ಹೇಳಿದ್ರು ಅಳಿಸೋಕೆ?”

“ನಾನು ಯಾಕೆ ಸಾರ್ ಅಳಿಸ್ಲಿ? ನನ್ನ ಹೆಂಡತಿ ಬಾಣಂತಿ. ನಮ್ಮ ಪಾಪುಗೆ ಇಲ್ಲಿನ ಅಂಗಿಯೇ ತಗೊಂಡು ಹೋಗಿದ್ದೆ.” ಅವನ ಧ್ವನಿ ಒಡೆಯಿತು. “ಸುದ್ದಿ ಬಂದ ದಿನ ಓಡಿಹೋಗಿ ಅವನ ಮೈಮೇಲಿಂದ ಬಿಚ್ಚಿ ಬಿಸಾಡಿದೆ. ಚಂದ್ರಾ ಅಕ್ಕನ್ನ ಸಿಕ್ಕಿಸೋಕೆ ನಾನು ಏನೂ ಮಾಡಿಲ್ಲ. ಸಲ್ಲಡೈ ತೋರಿಸಿದ್ದನ್ನ ಹೇಳಿದೆ, ಅಷ್ಟೇ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಕೋರ್ಟಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಇವನು ಹೆಗಲು ಮುಟ್ಟಿಕೊಳ್ಳಲಿಲ್ಲ. ಕಣ್ಣು ಒರೆಸಿಕೊಂಡ. ನನಗೆ ನಾಚಿಕೆಯಾಯಿತು.

“ಮಾವಾ, ಸ್ವಲ್ಪ ಸುಮ್ನಿರ್ತೀರಾ?” ಎಂದಳು ಶ್ರೀರಂಜನಿ. ಅವಳು ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ. ಚಂದ್ರಾಳ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಕಾರ್ಡನ್ನು ನೋಡುತ್ತಿದ್ದಳು.

“ಚಂದ್ರಾ ಅಕ್ಕಾ, ಈ ಕಾರ್ಡು ಹೊಸ್ದಾ?”

“ಹ್ಞೂಂ. ಪೊಂಗಲ್‌ಗೆ ಕೊಟ್ರು. ಮುಂಚೆ ಇಂಗ್ಲಿಷ್‌ನಾಗೆ ಇತ್ತು. ಈಗ ಎಲ್ಲಾರ್ದೂ ತಮಿಳ್‌ನಾಗೆ, ಇನಿಷಿಯಲ್‌ ಸಮೇತ. ಲ್ಯಾಬ್‌ನಾಗೆ ಇದ್ನ ತೋರ್ಸಿದ್ರೆ ಹೆಸ್ರು ತಾನಾ ಬೀಳುತ್ತೆ.”

“ನಿಮ್ಮ ಇನಿಷಿಯಲ್?”

“ಅಪ್ಪಂದು. ಚೆನ್ನಕೇಶವನ್. ಕುನ್ನತ್ತೂರ್‌ನಾಗೆ ಮಗ್ಗ ಇತ್ತಲ್ಲ, ಅವ್ರೇ. ಚೆ. ಚಂದ್ರಾ.”

ಶ್ರೀರಂಜನಿ ಟಕಟಕನೆ ಟೈಪ್ ಮಾಡಿದಳು. ಕಾರ್ಡಿನ ಮೇಲೆ ಹೇಗಿತ್ತೋ ಹಾಗೆಯೇ, ತಮಿಳಿನಲ್ಲಿ, ಒಂದು ನಕಲಿ ಸಾಲು. ಎಂಟರ್ ಒತ್ತಿದಳು.

ಪರದೆಯ ಮೇಲೆ ಕೆಂಪು ಮೂಡಿತು.

ನಾನು ಎದ್ದು ನಿಂತೆ. ಪ್ರೇಮ್ ಕುಮಾರ್ ಓಡಿಬಂದು ಅವಳ ಹೆಗಲ ಹಿಂದೆ ಬಗ್ಗಿದ.

“ಇಲ್ಲ ಮೇಡಂ, ತಮಿಳು ಹೆಸರು ಸಿಗುತ್ತೆ. ಕಾರ್ಡು ಬದಲಾದಾಗ ನಾನೇ ನನ್ನ ಹೆಸರು ಹಾಕಿ ನೋಡಿದ್ದೆ. ಬಂತು!”

“ನಿಮ್ಮ ಇನಿಷಿಯಲ್ ಏನು?”

“ಪ. ನಮ್ಮಪ್ಪ ಪಳನಿಸಾಮಿ.”

“ಅದಕ್ಕೇ ಬಂತು. ಪ ಒಂಟಿ. ಅದಕ್ಕೆ ಕೊಂಬಿಲ್ಲ.”

ಕೊಂಬು ಅಂದರೆ ತಮಿಳಿನಲ್ಲಿ ಎಕಾರದ ಗುರುತು. ಅಕ್ಷರದ ಮುಂದೆ ಸಣ್ಣ ಸುರುಳಿಯಾಗಿ ನಿಲ್ಲುತ್ತದೆ. ನಮ್ಮ ಎತ್ವದ ಹಾಗೆಯೇ ಅದು. ‘ಚೆ’ ಎಂದು ಬರೆದರೆ ನಮ್ಮ ಕಣ್ಣಿಗೆ ಅದು ಒಂದು ಅಕ್ಷರ. ಒಂದನೇ ತರಗತಿಯಲ್ಲಿ ಮೇಷ್ಟ್ರು ಕಲಿಸಿದ್ದೂ ಹಾಗೆಯೇ. ಆದರೆ ಯಂತ್ರ ಆ ಮೇಷ್ಟ್ರ ಹತ್ತಿರ ಕಲಿತದ್ದಲ್ಲ. ಅದರ ಲೆಕ್ಕದಲ್ಲಿ ‘ಚ’ ಒಂದು, ಅದರ ಕೊಂಬು ಇನ್ನೊಂದು. ‘ಒಂದು ಅಕ್ಷರ, ಆಮೇಲೆ ಚುಕ್ಕೆ’ ಎಂದು ಲಕ್ಷಣ ಹೇಳಿದ್ದರಿಂದ, ಎರಡು ಕಂಡ ಸಲ್ಲಡೈ ಇದು ನಮ್ಮ ಹುಡುಗಿಯಲ್ಲ ಎಂದು ಚಂದ್ರಾಳ ಸಾಲನ್ನು ಕಸಕ್ಕೆ ಎಸೆದಿತ್ತು. ಇಂಗ್ಲಿಷ್ ಕಾರ್ಡು ಇದ್ದಾಗ ಈ ತೊಂದರೆಯಿರಲಿಲ್ಲ. ಪ್ರೇಮ್ ಕುಮಾರನ ಆ ಒಂದು ಪರೀಕ್ಷೆ ಬಿಟ್ಟರೆ, ತಮಿಳಿಗೆ ಬದಲಾದ ಮೇಲೆ ಯಾರದಾದರೂ ಹೆಸರಿಗಾಗಿ ರಾಶಿ ಸೋಸಿದ್ದು ಇದೇ ಮೊದಲು.

“ಅಯ್ಯೋ ಮುರುಗಾ,” ಎಂದು ಪ್ರೇಮ್ ಕುಮಾರ್ ತಲೆಯ ಮೇಲೆ ಕೈಯಿಟ್ಟುಕೊಂಡ. “ಅಕ್ಕಾ, ನಾನು… ನಂಗೆ ಹೊಳೀಲೇ ಇಲ್ಲ ಅಕ್ಕಾ.”

ಚಂದ್ರಾ ಅವನನ್ನೇ ನೋಡುತ್ತಿದ್ದಳು. ಬೈಯಬಹುದಿತ್ತು, ಬೈದರೆ ನಾನೂ ಜೊತೆಗೂಡುತ್ತಿದ್ದೆ. ಅವಳು, “ಪಾಪು ಮೈಗೆ ಏನೂ ಆಗಿಲ್ಲ ತಾನೇ?” ಎಂದು ಕೇಳಿದಳು.

ಅವನು ಇಲ್ಲವೆಂದು ತಲೆಯಾಡಿಸಿದ.

“ಸರಿ, ರಿಪೇರಿ ಮಾಡಿ,” ಎಂದಳು ಶ್ರೀರಂಜನಿ. “ಕಣ್ಣಿಗೆ ಒಂದು ಅಂತ ಕಾಣೋದನ್ನೆಲ್ಲ ಒಂದು ಅಂತಾನೇ ಎಣಿಸ್ಲಿ. ಇನ್ನೊಂದು, ಅರ್ಥ ಆಗದ ಸಾಲನ್ನ ಸದ್ದಿಲ್ದೆ ಬಿಸಾಡೋದು ಬೇಡ. ಅದನ್ನೂ ತೋರಿಸ್ಲಿ. ಅದಕ್ಕೂ ನಾನು ಟೆಸ್ಟ್ ಬರೀತೀನಿ. ನಾಳೆ ಇನ್ಯಾರೋ ಬಂದು ಇದನ್ನ ಕೆಡಿಸಿದ್ರೆ ಆಗ್ಲೇ ಕೆಂಪು ಬರ್ಬೇಕು.”

ಸಂಜೆಯ ಶಿಫ್ಟಿನ ಸೈರನ್ ಆಗುವ ಹೊತ್ತಿಗೆ ಎಲ್ಲವೂ ಮತ್ತೆ ಹಸಿರಾಗಿತ್ತು. ಈ ಸಲ ಆ ಬಣ್ಣ ನನಗೆ ಬಹಳ ಹಿಡಿಸಿತು.

“ಅಸಲಿ ರಾಶಿ ಸೋಸೋದನ್ನ ಮಾಲೀಕರ ಮುಂದೇನೇ ಮಾಡೋಣ,” ಎಂದೆ. ಗೆಲ್ಲುವ ಕೇಸನ್ನು ಖಾಲಿ ಕೋಣೆಯಲ್ಲಿ ಗೆದ್ದರೆ ವಕೀಲನಿಗೆ ಏನು ಸುಖ?

ಮಾಲೀಕರು ಸೆಲ್ವಕುಮಾರ್. ಅವರ ಮೇಜಿನ ಮೇಲೆ ಹಿತ್ತಾಳೆಯ ಫಲಕ. ತಮಿಳಿನಲ್ಲಿ ‘ಮ. ಸೆಲ್ವಕುಮಾರ್’ ಎಂದು ಕೆತ್ತಿದ್ದರು. ನರೆತ ಮೀಸೆ, ಮೆಲುಮಾತು. ಕೆಟ್ಟ ಮನುಷ್ಯರಲ್ಲ. ಲಾಟ್ ತಡೆದೆ ಎಂದು ಚಂದ್ರಾ ಹೇಳುವ ಆ ಬೆಳಿಗ್ಗೆಯೇ ಅವಳ ಅಪ್ಪ ಕುನ್ನತ್ತೂರಿನಲ್ಲಿ ಎಚ್ಚರ ತಪ್ಪಿ ಬಿದ್ದ ಸುದ್ದಿ ಬಂದಿತ್ತು. ಬಸ್ಸಿಗೆ ಕಾಯಬೇಡ ಎಂದು ತಮ್ಮ ಕಾರನ್ನೇ ಕೊಟ್ಟು ಕಳಿಸಿದವರು ಇವರು. ಮಾರನೆಯ ದಿನ ಅವಳು ವಾಪಸು ಬರುವಷ್ಟರಲ್ಲಿ ಲಾಟ್ ಹೊರಟುಹೋಗಿತ್ತು. ಇದನ್ನೆಲ್ಲ ನನಗೆ ಹೇಳಿದವನು ಅವತ್ತು ಅವಳನ್ನು ಕರೆದೊಯ್ದ ಡ್ರೈವರ್ ಅಯ್ಯಾಸಾಮಿ. ಅದೇ ಕಾರಿನಲ್ಲಿ ಇವತ್ತು ನಮ್ಮನ್ನು ಕೊಯಮತ್ತೂರಿನಿಂದ ಕರೆತಂದು, ದಾರಿಯುದ್ದಕ್ಕೂ ಬಾಯಿ ಮುಚ್ಚದ ಪುಣ್ಯಾತ್ಮ.

“ಬನ್ನಿ ವಕೀಲ್ ಸಾರ್,” ಎಂದರು ಸೆಲ್ವಕುಮಾರ್. “ಏನಾದ್ರೂ ಸಿಕ್ತಾ?”

ಇಲಕ್ಕಿಯಾ ಬಾಗಿಲ ಬಳಿ ನಿಂತಿದ್ದಳು. ಚಂದ್ರಾಳನ್ನು ನೋಡಿ ಧೈರ್ಯ ಹೇಳುವ ಹಾಗೆ ನಕ್ಕಳು.

ಶ್ರೀರಂಜನಿ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಆಗಿದ್ದ ತಪ್ಪನ್ನು ತಮಿಳಿನಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದಳು. ಆಮೇಲೆ ಲಾಟ್ ನಂಬರು ಹಾಕಿ ಎಂಟರ್ ಒತ್ತಿದಳು.

ಸಾಲು ಬಂತು. ಚೆ. ಚಂದ್ರಾ. ನಿಲ್ಲಿಸಿ.

“ಅಕ್ಕಾ!” ಎಂದಳು ಇಲಕ್ಕಿಯಾ.

ಚಂದ್ರಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಸೆಲ್ವಕುಮಾರ್ ಕುರ್ಚಿಯಿಂದ ಎದ್ದೇಬಿಟ್ಟರು. “ಅಮ್ಮಾ, ನಿನ್ನನ್ನ ನಂಬ್ಲಿಲ್ಲ ನಾನು,” ಎಂದು ಕೈಮುಗಿದರು. ನಾನು ಜೇಬಿನಿಂದ ಕರವಸ್ತ್ರ ತೆಗೆದೆ, ಮುಖದ ಬೆವರು ಒರೆಸಲಿಕ್ಕೆ ಎಂದು ಬೇಕಾದರೆ ತಿಳಿಯಿರಿ.

“ತಾಳಿ,” ಎಂದಳು ಶ್ರೀರಂಜನಿ. “ಕೆಳಗೆ ಇನ್ನೊಂದು ಸಾಲಿದೆ.”

ಅದೇ ಲಾಟ್. ಅದೇ ದಿನ, ಮಧ್ಯಾಹ್ನ. ಮೇಲಿನ ಆಫೀಸಿನ ಕಂಪ್ಯೂಟರಿನಿಂದ ಕೈಯಲ್ಲೇ ಟೈಪ್ ಮಾಡಿದ್ದು. ‘ಬಿಡಿ’ ಎಂಬ ಒಂದೇ ಮಾತು. ಪಕ್ಕದಲ್ಲಿ ಹೆಸರಿಲ್ಲ. ಕಾಗದದ ಮೂಲೆಯಲ್ಲಿ ಗೀಚುವ ಹಾಗೆ ಇನಿಷಿಯಲ್ ಮಾತ್ರ, ಕೊಂಬಿದ್ದ ಒಂದು ಅಕ್ಷರ, ಒಂದು ಚುಕ್ಕೆ. ಇದನ್ನೂ ಹಳೆಯ ಸಲ್ಲಡೈ ಕಸಕ್ಕೆ ಹಾಕಿತ್ತು.

“ಓದಿ ಮಾವಾ.”

“ಚೆ,” ಎಂದೆ. ಗಾಬರಿಯಲ್ಲಿ ನನಗೆ ಕುನ್ನತ್ತೂರಿನ ಕಾರು ನೆನಪಾಗಲೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ತಡೆದವಳೂ ಚಂದ್ರಾ, ಬಿಟ್ಟವಳೂ ಚಂದ್ರಾ?

“ನೀವು ಓದಿ,” ಎಂದು ಅವಳು ಪ್ರೇಮ್ ಕುಮಾರನ ಕಡೆ ತಿರುಗಿದಳು.

ಅವನು ಬಗ್ಗಿ ನೋಡಿದ. “ಸೆ,” ಎಂದ.

ನಮ್ಮ ಕನ್ನಡದಲ್ಲಿ ಚೆ ಬೇರೆ, ಸೆ ಬೇರೆ. ತಮಿಳಿನಲ್ಲಿ ಎರಡಕ್ಕೂ ಅದೊಂದೇ ಅಕ್ಷರ. ಗಾಂಧಿಪುರಂನ ಬೋರ್ಡಿನಲ್ಲಿ ಹುಟ್ಟುಹೆಸರು ಕಳೆದುಕೊಂಡವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಚೆನ್ನಕೇಶವನ್ ಎಂದು ಓದಿದರೂ ಸರಿ, ಸೆಲ್ವಕುಮಾರ್ ಎಂದು ಓದಿದರೂ ಸರಿ.

ಆದರೆ ಸೆಲ್ವಕುಮಾರರ ಸ್ವಂತ ಇನಿಷಿಯಲ್ ‘ಮ’. ಹಿತ್ತಾಳೆಯ ಫಲಕ ಎದುರಿಗೇ ಇತ್ತು. ಇಲ್ಲಿ ಇನಿಷಿಯಲ್ ಯಾವತ್ತೂ ಅಪ್ಪನದು. ‘ಸೆ’ ಎಂದು ಬರೆಯುವ ಹಕ್ಕಿರುವುದು ಸೆಲ್ವಕುಮಾರರ ಮಗುವಿಗೆ.

ಯಾರೂ ಬಾಗಿಲ ಕಡೆ ನೋಡಲಿಲ್ಲ. ನೋಡದಿರಲು ಎಲ್ಲರೂ ಪಟ್ಟ ಕಷ್ಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಚಂದ್ರಾ ಮಾತ್ರ ನೋಡಿದಳು. ಶಾಲೆ ಮುಗಿಸಿ ಬಂದ ಹುಡುಗಿಯನ್ನು ನೋಡುವ ಹಾಗೆ ಒಂದು ಗಳಿಗೆ ಇಲಕ್ಕಿಯಾಳನ್ನು ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

“ಆ ಅಕ್ಷರ ನಂದು,” ಎಂದಳು. ಬೆಳಿಗ್ಗೆಯಿಂದ ನಮ್ಮ ಜೊತೆ ಮನೆಮಾತಿನಲ್ಲಿ ಅತ್ತವಳು, ಈಗ ಎಲ್ಲರಿಗೂ ತಿಳಿಯಲಿ ಎಂದು ತಮಿಳಿನಲ್ಲಿ ಹೇಳಿದಳು. “ಬೆಳಿಗ್ಗೆ ನಿಲ್ಲಿಸಿದ್ದೂ ನಾನೇ, ಮಧ್ಯಾಹ್ನ ಬಿಟ್ಟಿದ್ದೂ ನಾನೇ. ಭಯಕ್ಕೆ ಹೇಳಿರಲಿಲ್ಲ.”

“ಚಂದ್ರಾ, ಬಾಯ್ಮುಚ್ಚು!” ಎಂದೆ ಕನ್ನಡದಲ್ಲಿ. “ಏನ್ ಹೇಳ್ತಾ ಇದ್ದೀಯ ಗೊತ್ತಾ?”

“ಗೊತ್ತು ಅಣ್ಣಾ.” ಅವಳು ನನ್ನ ಕಡೆ ತಿರುಗಲಿಲ್ಲ. “ಕೇಸ್ ಸಾಕು. ವಿಟ್ಟುಡುಂಗ, ಬಿಟ್ಬಿಡಿ.”

ಆ ಮಧ್ಯಾಹ್ನ ಅವಳು ಕುನ್ನತ್ತೂರಿನ ಆಸ್ಪತ್ರೆಯಲ್ಲಿ ಅಪ್ಪನ ಕಾಲು ಹಿಡಿದು ಕೂತಿದ್ದಳು. ಅದು ನನಗೆ ಗೊತ್ತು, ಅವಳಿಗೆ ಗೊತ್ತು. ಕಾರು ಕಳಿಸಿದವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಶ್ರೀರಂಜನಿ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು.

“ಸಾರ್, ಒಂದೇ ಒಂದು ಪ್ರಶ್ನೆ. ಆ ದಿನ ಚಂದ್ರಾ ಅಕ್ಕನ್ನ ಕುನ್ನತ್ತೂರಿಗೆ ಕರ್ಕೊಂಡು ಹೋಗಿದ್ದು ನಿಮ್ಮ ಕಾರು ತಾನೇ?”

ಸೆಲ್ವಕುಮಾರ್ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ಕೆಲವೇ ಕ್ಷಣಗಳ ಹಿಂದೆ ಚಂದ್ರಾಳಿಗೆ ಕೈಮುಗಿದ ಮನುಷ್ಯ ಈಗ ಅವಳ ಮುಖ ನೋಡಲಾರದೆ ಮೇಜಿನ ಮೇಲಿನ ಫಲಕವನ್ನು ನೋಡಿದರು.

“ಇಲ್ಲಮ್ಮ,” ಎಂದರು. “ಅವತ್ತು ಕಾರು ಶೆಡ್ಡಿನಲ್ಲೇ ಇತ್ತು. ಎಲ್ಲಿಗೂ ಹೋಗಿಲ್ಲ.”

ಚಂದ್ರಾ ಹೌದೆಂದು ತಲೆಯಾಡಿಸಿದಳು. ಅವಳ ಪರವಾಗಿ ವಾದಿಸಲು ಬಂದ ನನಗೆ ಆ ಕೋಣೆಯಲ್ಲಿ ಕಕ್ಷಿದಾರಳೇ ಇಲ್ಲವಾದಳು.

ಆಗ ಬಾಗಿಲ ಬಳಿಯಿಂದ ಇಲಕ್ಕಿಯಾ ಎರಡು ಹೆಜ್ಜೆ ಒಳಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ, ಧ್ವನಿ ಮಾತ್ರ ಸ್ಥಿರವಾಗಿತ್ತು.

“ಅಪ್ಪಾ, ಅಯ್ಯಾಸಾಮಿ ಅಣ್ಣ ಕೆಳಗಡೆಯೇ ಇದ್ದಾರೆ,” ಎಂದಳು. “ಕರೀಲಾ?”